ಶಾಂತಾಬಾಯಿಯವರ ತಕ್ಕಡಿ

“ನಿಮ್ಮ ಸಣ್ಣಾಕಿ ನನ್ನ ವರ್ಗಕ್ಕ ಬರಲಿ. ಮಾಡಿ ತೋರಿಸಿದ ಮ್ಯಾಲೇ ಮುಂದಿನ ಇಯತ್ತೆಗೆ ಕಳಸ್ತೀನಿ. ಬರೇ ಒಪ್ಪಿಸಿದ್ರ ಕಳಸಂಗಿಲ್ಲ.”

ನಾಸಿಕ್ ರೋಡಿನ ಪ್ರಾಥಮಿಕ ಶಾಲೆಯೊಂದರ ಶಿಕ್ಷಕಿ ಶಾಂತಾಬಾಯಿ ೧೯೬೫ರಲ್ಲಿ ಹರಿಣಾಕ್ಷಿ ಎಂಬ ತಾಯಿಗೆ ಕೊಟ್ಟ ಮಾತಿದು. ‘ಸಣ್ಣಾಕಿ’ ಎಂದರೆ ಚಂಪಾ. ಆಗ ತಾಯಿಯ ಸೊಂಟದ ಮೇಲಿದ್ದ ಕೂಸು ಈಗ ನಾಲ್ಕನೆಯ ಇಯತ್ತೆಯ, ಅಂದರೆ ತರಗತಿಯ, ಕೊನೆಯ ದಿನಕ್ಕೆ ಬಂದು ನಿಂತಿದೆ.

ನೋಟು ಅಚ್ಚುಹಾಕುವ ಪ್ರೆಸ್ಸಿನ ಭೋಂಗಾ, ಬೆಳಗಿನ ಪಾಳಿಯ ಸೈರನ್ನು, ಇನ್ನೂ ಕೂಗಿಲ್ಲ. ಶಾಂತಾಬಾಯಿ ಶಾಲೆಯ ಬೀಗ ತೆಗೆದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಬೆಂಚುಗಳನ್ನು ಗೋಡೆಗೆ ಸರಿಸುತ್ತಾರೆ. ನಡುವೆ ಚಾಪೆ ಹಾಸುತ್ತಾರೆ. ಅದರ ಮೇಲೆ ತಕ್ಕಡಿ, ತೂಕದ ಬಟ್ಟುಗಳು, ಅಳತೆಯ ಟೇಪು. ಆಮೇಲೆ ಚೀಲದಿಂದ ಒಂದೊಂದಾಗಿ ಹೊರಬರುತ್ತವೆ: ಕರಿಯ ಗುಂಡುಕಲ್ಲು, ಅರ್ಧ ಇಟ್ಟಿಗೆ, ಹಗ್ಗದ ತುಂಡು, ಹಿತ್ತಾಳೆ ಚೊಂಬು.

‘ಕಾರ್ಯಾನುಭವ’ ಎಂಬ ಹೊಸ ಮಾತು ಈಚೆಗೆ ಶಾಲೆಗಳಲ್ಲಿ ಓಡಾಡುತ್ತಿದೆ. ಹೆಚ್ಚಿನ ಕಡೆ ವಾರಕ್ಕೊಂದು ತಾಸು ಕಾಗದದ ಹೂವು ಮಾಡಿಸಿ ಮುಗಿಸುತ್ತಾರೆ. ಶಾಂತಾಬಾಯಿಯ ಲೆಕ್ಕವೇ ಬೇರೆ. ಗಣಿತ ಬಂತು ಎಂದರೆ ತೂಗಿ ತೋರಿಸಬೇಕು. ಭಾಷೆ ಬಂತು ಎಂದರೆ ಪಕ್ಕದ ಮನೆಯ ಅಜ್ಜಿಗೆ ಬಂದ ಪತ್ರ ಓದಿ ಹೇಳಬೇಕು. ಬಂದ ಮೇಲೇ ಮುಂದಿನ ಪಾಠ. ಬಾರದವರಿಗೆ ಬೈಗುಳವಿಲ್ಲ, ಇನ್ನೊಂದು ವಾರ ಸಿಗುತ್ತದೆ.

ಭಾಲ್ಕಿಯ ಕಡೆಯಿಂದ ಮದುವೆಯಾಗಿ ಇಲ್ಲಿಗೆ ಬಂದವರು ಇವರು. ಗಂಡ ಪ್ರೆಸ್ಸಿನ ಕೆಲಸಗಾರ. ಮನೆಯಲ್ಲಿ ಕನ್ನಡ, ವರ್ಗದಲ್ಲಿ ಮರಾಠಿ. ಮಕ್ಕಳು ಐವತ್ತಕ್ಕೂ ಮೇಲೆ, ತಕ್ಕಡಿ ಒಂದೇ. ಮರಾಠಿ ಶಾಲೆಯಲ್ಲಿ ಶಿಕ್ಷಕಿಯನ್ನು ‘ಬಾಯಿ’ ಎನ್ನುತ್ತಾರೆ. ಇವರಿಗೆ ಮಕ್ಕಳು ಇಟ್ಟಿರುವ ಹೆಸರು ‘ಕರೂನ್ ದಾಖವ್ ಬಾಯಿ’, ಮಾಡಿ ತೋರಿಸು ಎನ್ನುವ ಬಾಯಿ. ಕೇಳಿದರೆ ನಗುತ್ತಾರೆ. “ನಮ್ಮ ಮನಿಯವರೂ ಹಂಗೇ ಅಂತಾರ್ರೀ. ಚಹಾ ಮಾಡ್ತೀನಿ ಅಂದ್ರ, ಕರೂನ್ ದಾಖವ್!”

ಈ ಪದ್ಧತಿಗೆ ಕಾರಣ ಹರಿಣಾಕ್ಷಿಯವರ ಸಿಟ್ಟು. ಉಡುಪಿಯ ಕಡೆಯ ಅವರದು ಸ್ಟೇಷನ್ ಎದುರಿನ ಹೋಟೆಲು. ಹಿರಿಯ ಮಗ ಸುಧಾಕರ ಇಪ್ಪತ್ತರ ಮಗ್ಗಿಯವರೆಗೆ ಗಟಗಟನೆ ಒಪ್ಪಿಸಿ ಇದೇ ವರ್ಗದಿಂದ ಪಾಸಾಗಿದ್ದ. ಹಬ್ಬದ ಗಿರಾಕಿಗೆಂದು ಇಡ್ಲಿ ಹಿಟ್ಟು ಎರಡರಷ್ಟು ಮಾಡಲು ಹೇಳಿದರೆ, ಅಕ್ಕಿ ಎರಡರಷ್ಟು ಹಾಕಿದ, ಉದ್ದು ಇದ್ದಷ್ಟೇ. “ಆ ಕಲ್ಲಿನಂಥ ಇಡ್ಲಿ ಬಿಸಾಡಿದ್ರೆ ಮುಂದಿನ ಸ್ಟೇಷನ್ನು ದೇವಳಾಲಿಗೆ ಹೋಗಿ ಬೀಳ್ತಿತ್ತು ಮಾರಾಯ್ರೆ!” ಎಂದು ಹರಿಣಾಕ್ಷಿ ಈಗ ನಗುತ್ತಾರೆ. ಅಂದು ನಕ್ಕಿರಲಿಲ್ಲ, ಶಾಲೆಯ ಅಂಗಳದಲ್ಲಿ ಎಲ್ಲರೆದುರು ಜಗಳಾಡಿದ್ದರು. ಆಗ ಶಾಂತಾಬಾಯಿ ಕೊಟ್ಟದ್ದು ಆ ಮಾತು.

ಇಂದು ಮಧ್ಯಾಹ್ನದ ಬಸ್ಸಿಗೆ ತಾಯಿ ಮಗಳು ಔರಂಗಾಬಾದಿಗೆ ಹೊರಡುತ್ತಾರೆ. ಅಲ್ಲಿ ಹರಿಣಾಕ್ಷಿಯವರ ಗಂಡ ಉಮಾನಾಥ ಹೊಸ ಹೋಟೆಲು ಹಿಡಿದಿದ್ದಾರೆ. ಹುಡುಗಿ ಪಾಸಾದರೆ ಐದನೆಯ ಇಯತ್ತೆ; ನಪಾಸಾದರೆ ಓದು ಸಾಕು, ಅಡುಗೆಮನೆಗೆ ಕೈ ಬೇಕು ಎಂದು ಹೇಳಿ ಕಳಿಸಿದ್ದಾರೆ.

ಚಂಪಾ ಚಾಪೆಯ ಮೇಲೆ ಕೂರುತ್ತಾಳೆ. ಕಲ್ಲು ತಕ್ಕಡಿಗೆ ಬೀಳುತ್ತದೆ, ಇನ್ನೊಂದು ಕಡೆ ಅರ್ಧ ಕಿಲೋ, ಕಾಲು ಕಿಲೋ ಬಟ್ಟುಗಳು. ತಟ್ಟೆ ನಿಲ್ಲುವ ಮೊದಲೇ ಉತ್ತರ. ಅವಳ ಕಣ್ಣು ತಕ್ಕಡಿಯ ಮುಳ್ಳಿನ ಮೇಲಿಲ್ಲ, ಬಾಯಿಯವರ ಮುಖದ ಮೇಲಿದೆ. ಇಟ್ಟಿಗೆಯೂ ಸರಿ, ಹಗ್ಗವೂ ಸರಿ.

ಶಾಂತಾಬಾಯಿ ಆ ಕಣ್ಣನ್ನು ಗಮನಿಸುತ್ತಾರೆ. ಆಮೇಲೆ ತಮ್ಮ ಸಂತೆ ಚೀಲದಿಂದ ನಾಲ್ಕು ಈರುಳ್ಳಿ ತೆಗೆದು ತಟ್ಟೆಗೆ ಹಾಕುತ್ತಾರೆ. “ಇದನ್ನ ತೂಗವ್ವ.”

ಚಂಪಾ ಒಂದು ಬಟ್ಟು ಎತ್ತುತ್ತಾಳೆ, ಇಡುತ್ತಾಳೆ. ಇನ್ನೊಂದು ಎತ್ತುತ್ತಾಳೆ. ಕೊನೆಗೆ ಕನ್ನಡ ಸಿಗದೆ ಮರಾಠಿಯಲ್ಲಿ, “ಬಾಯಿ, ಹೇ ಮಲಾ ಕುಣೀ ಸಾಂಗಿತಲಂಚ ನಾಹೀ” ಎನ್ನುತ್ತಾಳೆ. ಇದನ್ನು ಯಾರೂ ನನಗೆ ಹೇಳಿಕೊಟ್ಟೇ ಇಲ್ಲ. ಸೆರಗಿನ ಅಗಲ ಅಳೆ ಎಂದರೂ ಅದೇ ಮಾತು.

“ತಪ್ಪು ಹುಡುಗೀದಲ್ರೀ,” ಎನ್ನುತ್ತಾರೆ ಶಾಂತಾಬಾಯಿ, ಪತ್ರಿಕೆಯವರಾಗಿ ಬಂದು ಮೂಲೆಯಲ್ಲಿ ಕೂತ ನಮ್ಮ ಕಡೆ ತಿರುಗಿ. “ಇಷ್ಟ್ ವರ್ಷ ಅದೇ ಕಲ್ಲು, ಅದೇ ಇಟ್ಟಂಗಿ, ಅದೇ ಹಗ್ಗ. ಚಾಳಿನ ವಠಾರದಾಗ ದೊಡ್ಡ ಹುಡುಗರು ಸಣ್ಣವರಿಗೆ ಉತ್ತರ ಹೇಳಿಕೊಟ್ಟಾರ. ತೂಗೂದನ್ನೂ ಬಾಯಿಪಾಠ ಮಾಡಿಸಿಬಿಟ್ಟೆ ನೋಡ್ರಿ ನಾ.”

ಬಿಸಿಲು ಏರುವ ತನಕ ಇಬ್ಬರೂ ಈರುಳ್ಳಿ ತೂಗುತ್ತಾರೆ, ಸೀಮೆಸುಣ್ಣದ ಕಡ್ಡಿ ತೂಗುತ್ತಾರೆ, ಚಂಪಾಳ ಚಪ್ಪಲಿ ತೂಗುತ್ತಾರೆ. ಮುಳ್ಳು ನಡುವೆ ನಿಲ್ಲುವುದು ಹೇಗೆಂದು ಅವಳಿಗೆ ಸ್ವಲ್ಪ ತಿಳಿಯುತ್ತದೆ. ಎರಡರಷ್ಟು, ಅರ್ಧದಷ್ಟು ಇನ್ನೂ ಕೈಗೆ ಬಂದಿಲ್ಲ. ಒಂದು ವರ್ಷದ್ದನ್ನು ಒಂದು ಬೆಳಿಗ್ಗೆ ಕಲಿಸಲಾಗದು. ಮನೆಯಲ್ಲಿ ಮಗ್ಗಿ ಹೇಳಿಸುವ ನಮ್ಮಂಥವರಿಗೆ ಇದು ಗೊತ್ತಿರುವ ಸಂಗತಿಯೇ.

ಹರಿಣಾಕ್ಷಿ ಬಂದಾಗ ಶಾಂತಾಬಾಯಿ ಏನನ್ನೂ ಮುಚ್ಚಿಡುವುದಿಲ್ಲ. ಕೇಳಿ ಆ ತಾಯಿ ಹೇಳುತ್ತಾರೆ: “ಆಯ್ತಲ್ಲ ಟೀಚರೇ. ಮಾತು ಕೊಟ್ಟದ್ದು ನನಗೆ. ನಾನೇ ಬೇಡ ಅಂದ್ರೆ ಮುಗೀತಲ್ಲ?”

“ಕೊಟ್ಟಾಕಿ ನಾ ಅಲ್ಲೇನ್ರೀ?”

“ಹಾಗಾದ್ರೆ ಎಂತ ಮಾಡುದು? ಇವಳನ್ನು ಪಾತ್ರೆ ತೊಳೀಲಿಕ್ಕೆ ಕೂರಿಸುದಾ?”

ಶಾಂತಾಬಾಯಿ ಚಂಪಾಳ ಅಂಕಪಟ್ಟಿ ಬಿಡಿಸಿ ಇಡುತ್ತಾರೆ. ಬಳಿಕ ಪೆನ್ನು ತೆಗೆದು ‘ಪಾಸು’ ಎಂದು ಬರೆದು ಸಹಿ ಹಾಕುತ್ತಾರೆ. “ಒಂದು ಮಾಡ್ರಿ. ಅಲ್ಲಿ ದಿನಾ ಹಿಟ್ಟಿನ ಅಕ್ಕಿ, ಉದ್ದು ಇಕೀನೇ ತೂಗಲಿ. ಸಂಜೀಕ ಸಾಲಿ ಬಿಟ್ಟು ಮನಿಗೆ ಬಂದ ಮ್ಯಾಲೆ ಮತ್ತ, ಸಾಲಿ ಬಿಡಿಸಿ ಅಲ್ಲ.”

ತಾಯಿ ಮಗಳು ಟಾಂಗಾ ಹತ್ತುತ್ತಾರೆ. ಶಾಂತಾಬಾಯಿ ಕಲ್ಲು, ಇಟ್ಟಿಗೆಯನ್ನು ಅಂಗಳದ ಬೇವಿನ ಬುಡಕ್ಕೆ ಎಸೆದು ಬರುತ್ತಾರೆ. ಜೂನಿನಿಂದ ಮಕ್ಕಳೇ ಮನೆಯಿಂದ ದಿನಕ್ಕೊಂದು ವಸ್ತು ತರಬೇಕಂತೆ. ಇದನ್ನೆಲ್ಲ ಪತ್ರಿಕೆಗೆ ಬರೆಯಬಹುದೇ ಎಂದು ಕೇಳಿದರೆ, “ಹೆಂಗ ಆತೋ ಹಂಗ ಬರೀರಿ” ಎನ್ನುತ್ತಾರೆ.

ಚಂಪಾ ಮಾಡಿ ತೋರಿಸಲಿಲ್ಲ. ಶಾಂತಾಬಾಯಿ ಅವಳನ್ನು ಐದನೆಯ ಇಯತ್ತೆಗೆ ಕಳಿಸಿದರು. ಕೊಟ್ಟ ಮಾತು ಮುರಿಯಿತು.