ಬೆಳಕೆಗೆ ತಡವಾಗಿ ಒಯ್ದ ವೀಳ್ಯ

೧೯೮೯ರಲ್ಲಿ, ಎಂಟನೇ ತರಗತಿಯ ನಡುವೆ, ನಾನು ಶಾಲೆ ಬಿಟ್ಟೆ. ಯಾರೂ ಬಿಡಿಸಲಿಲ್ಲ, ನಾನೇ ಬಿಟ್ಟೆ. ತೆಂಗಿನಗುಂಡಿಯ ಬಂದರಿನಲ್ಲಿ ತಲೆಯ ಮೇಲೆ ಗೋಣಿ ಮಡಚಿಟ್ಟು ಬೋಟುಗಳಿಗೆ ಐಸು ಹೊರುವ ಕೆಲಸಕ್ಕೆ ಸೇರಿದೆ. ಕರಗಿದ ನೀರು ಕಿವಿಯ ಹಿಂದಿನಿಂದ ಬೆನ್ನಿಗೆ ಇಳಿಯುತ್ತಿತ್ತು. ಹಾಗೆ ಹೊತ್ತವನೇ ಮುಂದೆ, ಬಾಗಿಲು ಮುಚ್ಚಿದ್ದ ಒಂದು ಐಸ್ ಪ್ಲಾಂಟ್ ಕೊಂಡು, ತುಕ್ಕು ಕೆರೆದು, ಮತ್ತೆ ನಡೆಸಿದೆ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಸಂಕೋಚ ಆಗುವುದು ಕಳೆದ ಮಳೆಗಾಲದ ಸಂಗತಿ ಹೇಳಲು.

ಶುರುವಿನಿಂದ ಪ್ಲಾಂಟಿನ ಆಪರೇಟರ್ ನನ್ನ ಅಕ್ಕನ ಗಂಡ. ಕಂಪ್ರೆಸರಿನ ಸದ್ದು ಸ್ವಲ್ಪ ಬದಲಾದರೂ ಊಟದ ಕೈಯಲ್ಲೇ ಎದ್ದು ಬರುವ ಮನುಷ್ಯ. ಮಳೆಗಾಲದಲ್ಲಿ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಆಗಸ್ಟ್ ಒಂದಕ್ಕೆ ಎಲ್ಲವೂ ಒಟ್ಟಿಗೆ ಹೊರಡುತ್ತವೆ. ಆ ದಿನ ಐಸು ಕೊಟ್ಟವನಿಗೆ ವರ್ಷವಿಡೀ ಗಿರಾಕಿ. ಕೊಡದವನ ಹತ್ತಿರ ಮತ್ತೆ ಯಾರೂ ಬರುವುದಿಲ್ಲ. ಅದಕ್ಕೆ ಹನ್ನೆರಡು ದಿನ ಇರುವಾಗ ಡಾಕ್ಟರು ಭಾವನಿಗೆ, ಇನ್ನು ಐಸು ಮಾಡುವ ಯಂತ್ರದ ಅಮೋನಿಯದ ಗಾಳಿ ಕುಡಿದರೆ ಎದೆ ತಡೆಯುವುದಿಲ್ಲ ಎಂದುಬಿಟ್ಟರು.

ನಾನು ತಲೆ ಹಿಡಿದು ಕೂತೆ. ಭಾವ ಮಾತ್ರ ಹಾಸಿಗೆಯಲ್ಲೇ ಕೂತು ನಕ್ಕ.

"ಅದಕ್ಕೆಂತ ತಲೆಬಿಸಿ? ಬೆಳಕೆಯವ ಇದ್ದನಲ್ಲ. ಒಂದು ಕಾಯಿ, ನಾಲ್ಕು ವೀಳ್ಯದೆಲೆ ಹಿಡ್ಕಂಡು ಅವನ ಮನೆಗೆ ಹೋಗಿ ಕರಿ. ಆತು."

"ದಿನಾ ಬರೂವವನಿಗೆ ಎಂತ ವೀಳ್ಯ ಭಾವ? ಬೇಕಾದ್ರೆ ಅವನೇ ಕೇಳ್ಲಿ."

"ಅವ ಕೇಳೂದಿಲ್ಲ. ನೀನೂ ಕರೆಯೂದಿಲ್ಲ. ಇಬ್ರಿಗೂ ಬೆನ್ನು ಬಗ್ಗೂದಿಲ್ಲ ಮಾರಾಯ."

ಬೆಳಕೆ ನಮ್ಮ ಹತ್ತಿರದ ಊರು; ಅಲ್ಲಿಂದ ಬರುವ ಅವನಿಗೆ ನಲವತ್ತು ದಾಟಿದೆ. ಹನ್ನೊಂದು ವರ್ಷದಿಂದ ನಮ್ಮಲ್ಲಿ ಐಸಿನ ಡಬ್ಬ ಎತ್ತುವ ಕೆಲಸ. ಭಾವ ಊಟಕ್ಕೆ ಹೋದಾಗ ಯಂತ್ರ ನೋಡಿಕೊಳ್ಳುತ್ತಿದ್ದವನೂ ಅವನೇ. ಭಾವ ಹೇಳಿದ ಪದ್ಧತಿ ನನಗೆ ಗೊತ್ತಿಲ್ಲದ್ದಲ್ಲ. ನಮ್ಮ ಕಡೆ ಬೋಟು ನಡೆಸುವ ತಾಂಡೇಲನನ್ನು ಮಾಲೀಕ ಅವನ ಮನೆಗೇ ಹೋಗಿ, ಕಾಯಿ ವೀಳ್ಯ ಕೊಟ್ಟು ಕರೆಯಬೇಕು. ಎಷ್ಟೇ ಗಟ್ಟಿಗನಾದರೂ ಆ ಜಾಗ ತನಗೆ ಕೊಡಿ ಎಂದು ತಾನಾಗಿ ಕೇಳುವುದಿಲ್ಲ. ಆದರೆ ಐಸ್ ಪ್ಲಾಂಟು ಬೋಟಲ್ಲವಲ್ಲ ಎಂದುಕೊಂಡೆ.

ಇನ್ನೊಂದು ವಿಷಯವೂ ಮನಸ್ಸಿನಲ್ಲಿತ್ತು. ಹಿಂದಿನ ವರ್ಷ ತಪಾಸಣೆಗೆ ಬಂದ ಒಬ್ಬ ಅಧಿಕಾರಿ, ಆಪರೇಟರ್ ಎಷ್ಟು ಓದಿದ್ದಾನೆ ಎಂದು ಕೇಳಿದ್ದರು. ಭಾವ ತಲೆ ಕೆರೆದುಕೊಂಡ. ಅವರು ಪೆನ್ನು ಹಿಡಿದೇ ನನ್ನ ಕಡೆ ತಿರುಗಿ, "ನೀವು?" ಎಂದರು. ಆ ಒಂದು ಮಾತು ಎದೆಯಲ್ಲಿ ಮುಳ್ಳಿನ ಹಾಗೆ ಉಳಿದಿತ್ತು.

ಮಾರನೆಯ ಬೆಳಿಗ್ಗೆ ಗೇಟಿಗೆ ಬೋರ್ಡ್ ಕಟ್ಟಿದೆ. ಅಕ್ಷರ ನನ್ನದೇ. "ಆಪರೇಟರ್ ತುರ್ತಾಗಿ ಬೇಕಾಗಿದ್ದಾರೆ. ಎಸ್ಸೆಸ್ಸೆಲ್ಸಿ, ಐಟಿಐ ಪಾಸಾದವರು ಮಾತ್ರ."

ಹೆಂಡತಿ ಬುತ್ತಿ ತಂದವಳು ನಿಂತು ಓದಿದಳು. "ಇದರ ಪ್ರಕಾರ ನಿಮಗೂ ಇಲ್ಲಿ ಕೆಲಸ ಸಿಕ್ಕೂದಿಲ್ಲ."

"ನಾನು ಕೆಲಸ ಕೇಳೂಕೆ ಬಂದವ ಅಲ್ಲ, ಕೊಡೂವವ."

"ಹಂಗಾದ್ರೆ ಆತು," ಎಂದು ಬುತ್ತಿ ಇಟ್ಟು ಹೋದಳು.

ಬೆಳಕೆಯವನೂ ಓದಿದ. ನಾನು ಕಿಟಕಿಯಿಂದ ನೋಡುತ್ತಿದ್ದೆ. ಓದಿ, ಅಂಗಿ ಬಿಚ್ಚಿ ಮೊಳೆಗೆ ಸಿಕ್ಕಿಸಿ, ಎಂದಿನಂತೆ, ನೀರು ತುಂಬಿದ ಡಬ್ಬಗಳನ್ನು ಇಳಿಸಿ ಐಸು ಕಟ್ಟಿಸುವ ಉಪ್ಪುನೀರಿನ ಟಾಕಿ ತೊಳೆಯಲು ಇಳಿದ. ಮಧ್ಯಾಹ್ನ ಎರಡು ಸಲ ನನ್ನ ಟೇಬಲ್ಲಿನ ಹತ್ತಿರ ಬಂದು ನೀರು ಕುಡಿದ. ಎರಡನೆಯ ಸಲ ಲೋಟ ಇಡಲು ತಡ ಮಾಡಿದ. ಕೇಳುತ್ತಾನೇನೋ ಎಂದು ನಾನು ಕಾದೆ. ಕರೆಯುತ್ತೇನೇನೋ ಎಂದು ಅವನೂ ಕಾದಿರಬೇಕು. ಟಾಕಿ ತೊಳೆದು ಮುಗಿಸಿದ. ಮರುದಿನದಿಂದ ಬರಲಿಲ್ಲ. ಜ್ವರವಿರಬಹುದು ಎಂದುಕೊಂಡೆ. ಹಾಗೆ ಅಂದುಕೊಳ್ಳುವುದು ಸುಲಭವಿತ್ತು.

ಬೋರ್ಡ್ ನೋಡಿ ಮೂವರು ಬಂದರು. ಒಬ್ಬನಿಗೆ ಅಮೋನಿಯದ ವಾಸನೆಗೇ ತಲೆ ತಿರುಗಿತು. ಇನ್ನೊಬ್ಬ ಮೊದಲು ರಜೆಯ ಲೆಕ್ಕ ಕೇಳಿದ. ಮೂರನೆಯವನು ಧಾರೇಶ್ವರದವನು, ಇಪ್ಪತ್ತಾರರ ತರುಣ. ಕುಮಟೆಯಲ್ಲಿ ಫ್ರಿಜ್, ಎಸಿ ರಿಪೇರಿ ಮಾಡಿಕೊಂಡಿದ್ದ. ಸರ್ಟಿಫಿಕೇಟನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಹಾಕಿ ತಂದಿದ್ದ. ಅದನ್ನು ಎರಡು ಕೈಯಲ್ಲಿ ಹಿಡಿದು ನೋಡಿದೆ. ಚಹಾ ತಣಿಯುವಷ್ಟರಲ್ಲಿ ಅವನನ್ನು ಗಟ್ಟಿ ಮಾಡಿದೆ.

ಅವನು ಪ್ರಾಮಾಣಿಕ. "ಸರ್, ಇಷ್ಟು ದೊಡ್ಡ ಪ್ಲಾಂಟು ಟ್ರೇನಿಂಗಲ್ಲಿ ನೋಡಿದ್ದು ಮಾತ್ರ," ಎಂದ.

"ನೋಡಿದ್ಯಲ್ಲ, ಸಾಕು."

ಕೆಲಸಕ್ಕೆ ಬಂದ ದಿನವೇ ಕೇಳಿದ: "ಉಪ್ಪುನೀರು ಎಷ್ಟು ಗಟ್ಟಿ ಅಂತ ಅಳೆಯೂ ಮೀಟರ್ ಎಲ್ಲಿ ಸರ್?"

"ಅದೆಲ್ಲ ಎಂತಕ್ಕೆ? ನಮ್ಮಲ್ಲಿ ಅಂದಾಜಿನ ಮೇಲೆ."

ಯಾರ ಅಂದಾಜು ಎಂದು ಅವನು ಕೇಳಲಿಲ್ಲ. ನಾನೂ ಕೇಳಿಕೊಳ್ಳಲಿಲ್ಲ. ಟಾಕಿ ತೊಳೆದ ಮೇಲೆ ಹೊಸ ಉಪ್ಪು ಎಷ್ಟು ಚೀಲ ಎಂದದ್ದಕ್ಕೆ ಬಾಯಿಗೆ ಬಂದಷ್ಟು ಹೇಳಿದೆ. ಭಾವನಿಗೆ ಫೋನ್ ಮಾಡಬಹುದಿತ್ತು. ಮಾಡಿದರೆ ಅವನು ಮೊದಲು ಬೆಳಕೆಯ ಸುದ್ದಿ ಎತ್ತುತ್ತಾನೆಂದು ಸುಮ್ಮನಾದೆ.

ಆಗಸ್ಟ್ ಒಂದರ ಬೆಳಿಗ್ಗೆ ನಮ್ಮ ಹದಿನಾಲ್ಕು ಖಾಯಂ ಬೋಟುಗಳು ಸಾಲಾಗಿ ನಿಂತಿದ್ದವು. ಡಬ್ಬ ಕವುಚಿ ಹಾಕಿದಾಗ ಗಡ್ಡೆಗಳು ಹೊರಬಿದ್ದವು. ಹೊರಗೆ ಬೆರಳು ದಪ್ಪ ಐಸು, ಒಳಗೆ ನೀರು. ಒಂದು ಗಡ್ಡೆ ನಡುವೆ ಒಡೆದು ನಮ್ಮ ಕಾಲ ಮೇಲೆಲ್ಲ ಹರಿಯಿತು.

ಒಬ್ಬ ಬೋಟಿನ ಮಾಲೀಕ ಬಗ್ಗಿ ಬೆರಳು ಅದ್ದಿದ. "ಐಸು ಕೇಳಿದ್ರೆ ಶರಬತ್ತು ಕೊಟ್ರಲ್ಲ ಸಾವ್ಕಾರ್ರೆ! ಲಿಂಬೆಹಣ್ಣು ನಾವೇ ತಕಂಡು ಬರೂದಾ?"

ಎಲ್ಲರೂ ನಕ್ಕರು. ನಗು ಮುಗಿದ ಮೇಲೆ ಅವನೇ ಫೋನ್ ತೆಗೆದು ಹೊನ್ನಾವರದ ಪ್ಲಾಂಟಿಗೆ ಹೇಳಿದ. ಅಲ್ಲಿಂದ ಲಾರಿಯಲ್ಲಿ ಐಸು ಬಂತು. ನಾನು ಹೊತ್ತು ಬೆಳೆದ ಅದೇ ಬಂದರಿನಲ್ಲಿ ಬೇರೆಯವರ ಐಸು ಇಳಿಯುವುದನ್ನು ನಿಂತು ನೋಡಿದೆ.

ಅಂದೇ ಮಧ್ಯಾಹ್ನ ಕಾಯಿ, ವೀಳ್ಯದೆಲೆ, ಅಡಿಕೆ ತೆಗೆದುಕೊಂಡು ಬೆಳಕೆಗೆ ಹೋದೆ. ಅವನು ಅಂಗಳದಲ್ಲಿ ಕೂತು ಕೊಡೆಯ ಕಡ್ಡಿ ಸರಿಮಾಡುತ್ತಿದ್ದ. ಎದ್ದು ನಿಂತ. ಅವನ ಹೆಂಡತಿ ಚಾಪೆ ಹಾಕಿದಳು. ಚೀಲದಲ್ಲಿ ಕಾಯಿ ಇರುವುದನ್ನು ಇಬ್ಬರೂ ಕಂಡರು. ಅವನು ಕೊಡೆ ಬದಿಗಿಟ್ಟ.

"ಸಾವ್ಕಾರ್ರೆ, ವೀಳ್ಯ ತಕಂಡಾತು," ಎಂದ ಕಡೆಗೆ. "ಹೊನ್ನಾವರದವರು ಮೊನ್ನೆ ಮನೆಗೆ ಬಂದಿದ್ರು. ನಾಳೆಯಿಂದ ಅಲ್ಲಿ."

"ಹನ್ನೊಂದು ವರ್ಷ ದಿನಾ ಬಂದವ ನೀನು. ನನ್ನ ಹತ್ರ ಒಂದು ಮಾತು ಕೇಳೂಕೆ ಆಗ್ಲಿಲ್ವಾ?"

"ಬಂದದ್ದು ಡಬ್ಬ ಎತ್ತೂಕೆ. ಇದು ಬೇರೆ ಅಲ್ದಾ? ಮತ್ತೆ ನೀವು ಬೋರ್ಡ್ ಹಾಕಿದ್ರಿ. ನಂದು ಏಳನೇ ಕ್ಲಾಸು."

"ನಂದು ಎಂಟು, ಅದೂ ಅರ್ಧ."

"ನಿಮ್ಮನ್ನ ಯಾರು ಕೇಳ್ತ್ರು?"

ಕೇಳಿದ್ದರು. ಆ ಅಧಿಕಾರಿ ಪೆನ್ನು ಹಿಡಿದು ಕೇಳಿದ್ದನ್ನು ಅವನಿಗೆ ಹೇಳಲಾಗಲಿಲ್ಲ. ಹೊನ್ನಾವರದವರಿಗೆ ವೀಳ್ಯ ಹಿಂದಕ್ಕೆ ಕೊಟ್ಟುಬಿಡು ಎನ್ನಲೂ ಆಗಲಿಲ್ಲ. ಹಾಗೆ ಮಾತು ತಪ್ಪುವವನಾಗಿದ್ದರೆ ನಾನು ಅವನ ಅಂಗಳಕ್ಕೆ ಬರುತ್ತಲೇ ಇರಲಿಲ್ಲ.

ಹೊರಡುವಾಗ ಗೇಟಿನ ತನಕ ಬಂದು ಮೆಲ್ಲಗೆ ಕೇಳಿದ: "ಐಸು ಟೊಳ್ಳು ಬಂತಂತೆ? ಉಪ್ಪು ಸಾಲ್ಲಿಲ್ಲ. ಟಾಕಿಗೆ ಒಂದು ಬಟಾಟೆ ಹಾಕಿ ನೋಡೂಕೆ ಹೇಳಿ ಆ ಹುಡ್ಗನಿಗೆ. ಚೆನ್ನಾಗಿ ತಲೆ ಎತ್ತಿ ತೇಲಬೇಕು. ಮುಳುಗಿದ್ರೆ ಉಪ್ಪು ಹಾಕಿ. ಭಾವನವರು ನಂಗೆ ತೋರಿಸಿಕೊಟ್ಟದ್ದು."

ಅದೇ ಸಂಜೆ ಬಟಾಟೆ ಹಾಕಿದೆವು. ಕಲ್ಲಿನ ಹಾಗೆ ಮುಳುಗಿತು. ಧಾರೇಶ್ವರದವನೂ ನಾನೂ ಚೀಲ ಹೊತ್ತು ತಂದು ಸುರಿದೆವು. ಬೆನ್ನಿಗೆ ಉಪ್ಪು ಇಳಿಯಿತು. ಮೂರನೆಯ ದಿನ ಐಸು ಗಟ್ಟಿ ಬಂತು. ಬಂದರಿನಲ್ಲಿ ಕೇಳುವವರು ಕಡಿಮೆಯಾಗಿದ್ದರು.

ಬೋರ್ಡನ್ನು ನಾನೇ ಬಿಚ್ಚಿದೆ. ಹೆಂಡತಿ ನೋಡಿ, ಬುತ್ತಿ ಇಟ್ಟು ಹೋದಳು. ಏನಾದರೂ ಅಂದಿದ್ದರೆ ಒಳ್ಳೆಯದಿತ್ತು.

ಈಗ ನನ್ನ ಹತ್ತಿರ ಇರುವುದು: ಐಸ್ ಪ್ಲಾಂಟು ಒಂದು. ಕಂಪ್ರೆಸರ್ ಎರಡು. ಡಬ್ಬ ಇನ್ನೂರು. ಉಪ್ಪುನೀರು ಅಳೆಯುವ ಮೀಟರ್ ಒಂದು, ಹೊಸದು. ಖಾಯಂ ಬೋಟು ಒಂಬತ್ತು. ಕೆಲಸಗಾರರು ಮೂವರು. ಆಪರೇಟರ್ ಒಬ್ಬ, ಕಲಿಯುತ್ತಿದ್ದಾನೆ.