ಪಾಸಿನಲ್ಲಿ ಉಳಿದ ದಿನಗಳು

ಕೊಣ್ಣೂರಿನ ಕಾಶೆವ್ವನ ಕಟಕ ರೊಟ್ಟಿ ತಿಂಗಳುಗಟ್ಟಲೆ ಕೆಡುತ್ತಿರಲಿಲ್ಲ. ತೆಳ್ಳಗೆ ಬಡಿದು, ಹದವಾಗಿ ಸುಟ್ಟು, ಬಟ್ಟೆ ಸುತ್ತಿ ಬುಟ್ಟಿಯಲ್ಲಿಟ್ಟರೆ ಮುಗಿಯಿತು. ಅದೇ ಅವಳಿಗೆ ಮುಳುವಾಯಿತು ಅಂತ ನಾನು ಹೇಳುತ್ತೇನೆ. ರೊಟ್ಟಿ ಇಟ್ಟ ಹಾಗೆ ಎಲ್ಲವನ್ನೂ ಇಡಬಹುದೆಂದು ಅವಳು ನಂಬಿಬಿಟ್ಟಿದ್ದಳು. ತವರಿನವರು ಉಡಿಸಿದ ಇಳಕಲ್ ಸೀರೆ ಟ್ರಂಕಿನಲ್ಲೇ ಮಡಿಕೆ ಮಡಿಕೆಗೆ ಹರಿಯಿತು. ಗಂಡ ಮಾಲಿಂಗಪ್ಪ ಏನು ಕೇಳಿದರೂ ಅವಳದು ಒಂದೇ ಮಾತು: "ಇರಲಿ ಬಿಡ್ರಿ."

ಸ್ವಾತಂತ್ರ್ಯ ಬಂದು ಏಳೆಂಟು ವರ್ಷವಾಗಿತ್ತು. ಗೋಕಾಕದ ಹೊರಗಿನ ಬಯಲಿಗೆ ಒಂದು ಆಟದ ಕಂಪನಿ ಬಂತು. ಒಳಗೋಡೆಯ ಮೇಲೆ ಮೋಟಾರ್ ಸೈಕಲ್ ಓಡಿಸುವ ಸಾವಿನ ಬಾವಿ, ಸುತ್ತುವ ಕಟ್ಟಿಗೆಯ ಕುದುರೆಗಳು, ಎಲ್ಲಕ್ಕಿಂತ ಎತ್ತರಕ್ಕೆ ತಿರುಗುವ ತೊಟ್ಟಿಲು. ಕಂಪನಿಯ ಆಳುಗಳ ಊಟಕ್ಕೆ ಕಾಶೆವ್ವನ ರೊಟ್ಟಿ ಹೋಗುತ್ತಿತ್ತು. ಖುಷಿಯಾದ ಮ್ಯಾನೇಜರ ಗಂಡ ಹೆಂಡತಿ ಇಬ್ಬರಿಗೂ ಸೇರಿ ನಾಲ್ಕು ದಿನದ ಒಂದು ಪಾಸು ಕೊಟ್ಟ. ಒಂದು ದಿನ ಆಡಿದರೆ ಒಂದು ಮೂಲೆ ಕತ್ತರಿಸುತ್ತಿದ್ದರು. ಉಳಿದ ದಿನಗಳು ಕಂಪನಿ ಯಾವ ಊರಿಗೆ ಹೋದರೂ ನಡೆಯುತ್ತವೆ ಎಂದೂ ಹೇಳಿದ್ದ. ಅಷ್ಟು ಹೇಳದಿದ್ದರೇ ಚೆನ್ನಾಗಿತ್ತು.

ಮಾಲಿಂಗಪ್ಪ ಎತ್ತಿನ ಬಾಲ ಬಿಟ್ಟು ಬೇರೇನನ್ನೂ ನೋಡದ ಮನುಷ್ಯ. ಮೊದಲ ದಿನ ತೊಟ್ಟಿಲು ಮೇಲೇರಿದಾಗ ಅವನಿಗೆ ಹೊಸ ಕಣ್ಣು ಬಂದಂತಾಯಿತು. ಪಕ್ಕದಲ್ಲಿ ಕಾಶೆವ್ವ ಸೆರಗನ್ನು ಮುಖಕ್ಕೆ ಒತ್ತಿಕೊಂಡು, ಮನೆದೇವರನ್ನು ಕರೆಯುತ್ತ ಕುಳಿತಿದ್ದಳು.

"ಕಣ್ಣ ತಗಿ ಕಾಶಿ. ನಮ್ಮ ಹೊಲ ಕಾಣಾಕತ್ತೈತಿ. ಬಾವಿ ಬಾಜೂಕ ಬೇವಿನ ಗಿಡ, ನೋಡ."

ಅವಳು ಇಳಿಯುವವರೆಗೂ ಕಣ್ಣು ತೆರೆಯಲಿಲ್ಲ.

"ನಾಳಿ ಮತ್ತ ಬರೂಣು," ಎಂದ ಮಾಲಿಂಗಪ್ಪ. "ಆದ್ರ ನೀ ಕಣ್ಣ ತಗೀಬೇಕ ನೋಡ."

"ಇರಲಿ ಬಿಡ್ರಿ. ಪಂಚಮಿಗೆ ಮಗಳು ಬರ್ತಾಳ, ಎಲ್ಲಾರೂ ಕೂಡಿ ಹೋಗೂಣು."

ಪಂಚಮಿಗೆ ಮೊದಲೇ ಮಳೆ ಹಿಡಿಯಿತು, ಕಂಪನಿ ಗಂಟುಮೂಟೆ ಕಟ್ಟಿತು. ಮರುವರ್ಷ ಹುಕ್ಕೇರಿಗೆ ಬಂದಿದೆಯೆಂದು ಸುದ್ದಿ ಕೇಳಿ ಮಾಲಿಂಗಪ್ಪ ಬೆಳಿಗ್ಗೆಯೇ ರುಮಾಲು ಸುತ್ತಿಕೊಂಡು ನಿಂತ.

"ಕಬ್ಬು ಕಡಿಯೂದು ಮುಗೀಲಿ," ಎಂದಳು ಕಾಶೆವ್ವ. "ಪಾಸೇನ ಹಳಸತೈತೇನ್ರಿ?"

ಅವನು ರುಮಾಲು ಬಿಚ್ಚಿ ಗೂಟಕ್ಕೆ ಹಾಕಿ ಹೊಲಕ್ಕೆ ಹೋದ. ಆಮೇಲೆ ಕಂಪನಿ ಮೂಡಲಗಿಗೆ ಬಂದಾಗ ಅವನು ಕೇಳಲೂ ಇಲ್ಲ. ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಅನ್ನುತ್ತಾರಲ್ಲ, ನಮ್ಮ ಕಾಶೆವ್ವ ಹಲ್ಲಿದ್ದಾಗಲೇ ಕಡಲೆಯನ್ನು ಗಂಟು ಕಟ್ಟಿ ಇಟ್ಟವಳು.

ಪಾಸು ಕೆಡಲಿಲ್ಲ, ಮಾಲಿಂಗಪ್ಪನ ಕಣ್ಣು ಕೆಟ್ಟವು. ಮೊದಲು ಸಂಜೆಯ ಹೊತ್ತು ಎಡವುತ್ತಿದ್ದ, ಬರಬರುತ್ತ ಹಗಲೂ ಕತ್ತಲೆಯಾಯಿತು. ಮಿರಜದ ತನಕ ಹೋಗಿ ತೋರಿಸಿಕೊಂಡು ಬಂದರು. ಇಷ್ಟು ತಡವಾದ ಮೇಲೆ ಏನೂ ಮಾಡಲಾಗದು ಎಂದು ಅಲ್ಲಿನ ಡಾಕ್ಟರು ಹೇಳಿದರು.

ಕೆಲವು ವರ್ಷಗಳ ಮೇಲೆ ಕಂಪನಿ ಮತ್ತೆ ಗೋಕಾಕಕ್ಕೆ ಬಂದಾಗ ಕಾಶೆವ್ವ ತಾನಾಗಿಯೇ ಟ್ರಂಕು ತೆಗೆದು ಪಾಸನ್ನು ಹೊರತಂದಳು.

"ನನಗೇನ ಕಾಣತೈತಿ ಅಲ್ಲಿ?" ಎಂದ ಮಾಲಿಂಗಪ್ಪ.

"ಗಾಳಿಯಾರ ಹತ್ತತೈತಿ, ನಡೀರಿ."

ಕಂಪನಿಯ ಬಾಗಿಲಲ್ಲಿದ್ದ ಹೊಸ ಹುಡುಗ ಪಾಸನ್ನು ತಿರುವಿ ಹಾಕಿ ನೋಡಿ, ಇದು ನಡೆಯುವುದಿಲ್ಲ ಎಂದ. ತೊಟ್ಟಿಲು ತಿರುಗಿಸುತ್ತಿದ್ದ ಮುದುಕನೊಬ್ಬ ರೊಟ್ಟಿಯ ಕಾಶೆವ್ವನನ್ನು ಗುರುತಿಸಿ, ತಾನೇ ಬಂದು ಒಂದು ಮೂಲೆ ಕತ್ತರಿಸಿ ಇಬ್ಬರನ್ನೂ ಹತ್ತಿಸಿದ.

ತೊಟ್ಟಿಲು ತುದಿಗೆ ಹೋಗಿ ನಿಂತಿತು. ಕಾಶೆವ್ವ ಮುಖದ ಮೇಲಿನ ಸೆರಗು ಸರಿಸಿ ಕಣ್ಣು ತೆರೆದಳು. ಕೆಳಗೆ ಗೋಕಾಕದ ಮಾಳಿಗೆಗಳು, ಹೊಳೆ, ಆಚೆಗೆ ಗುಡ್ಡ. ಕೊಣ್ಣೂರಿನ ದಿಕ್ಕಿಗೆ ಎಷ್ಟು ಕತ್ತು ಚಾಚಿದರೂ ಗುಡ್ಡವೇ.

"ನಮ್ಮ ಹೊಲ ಕಾಣತೈತೇನ?" ಮಾಲಿಂಗಪ್ಪ ಕೇಳಿದ.

ಇಲ್ಲವೆನ್ನಲು ಅವಳಿಗೆ ಬಾಯಿ ಬರಲಿಲ್ಲ. "ಕಾಣತೈತ್ರಿ. ಬಾವಿ ಐತಿ. ಬೇವಿನ ಗಿಡಾನೂ ಐತಿ."

ಅವನು ತಡವರಿಸಿ ಅವಳ ಕೈ ಹಿಡಿದುಕೊಂಡ. "ಹಂಗಾರ ಕಣ್ಣ ತಗದಿ."

"ತಗದೀನ್ರಿ."

"ಇಲ್ಲಿಂದ ಹೊಲ ಕಾಣೂದಿಲ್ಲ ಕಾಶಿ. ಗುಡ್ಡ ಅಡ್ಡ ಐತಿ. ನೀ ಕಣ್ಣ ತಗೀಲಿ ಅಂತ ಆವತ್ತ ಸುಳ್ಳ ಹೇಳಿದ್ನಿ. ಇಬ್ರೂ ಕೂಡಿ ನೋಡೂಣು ಅನಿಸಿತ್ತ."

ಹುಕ್ಕೇರಿಗೆಂದು ಸುತ್ತಿ ಮತ್ತೆ ಬಿಚ್ಚಿದ ಆ ರುಮಾಲು ಕಾಶೆವ್ವನ ಕಣ್ಣೆದುರು ಬಂತು. ಕೆಳಗಿಳಿದ ಮೇಲೆ ಪಾಸನ್ನು ಅವನ ಅಂಗೈಯಲ್ಲಿಟ್ಟು, ಉಳಿದ ಮೂಲೆಗಳನ್ನು ಅವನ ಬೆರಳಿಗೆ ಮುಟ್ಟಿಸಿದಳು.

"ಇನ್ನೂ ಎರಡ ದಿನ ಅದಾವ್ರಿ. ನಾಳಿ ಬರೂಣು, ನಾಡಿದ್ದೂ ಬರೂಣು. ನಾ ಎಲ್ಲಾ ನೋಡಿ ನೋಡಿ ಹೇಳ್ತೇನಿ."

ಮಾಲಿಂಗಪ್ಪ ಪಾಸನ್ನು ಮಡಚಿ ಅವಳ ಕೈಗೇ ಕೊಟ್ಟ.

"ಇರಲಿ ಬಿಡ," ಎಂದ.