ಕೇಳಿಸಿಕೊಳ್ಳದೆ ಕೊಟ್ಟ ಒಪ್ಪಿಗೆ

ಕಳೆದ ಸೋಮವಾರ ನನಗೆ ಎಪ್ಪತ್ತೆರಡು ತುಂಬಿತು. ಮೊಮ್ಮಗಳ ಮದುವೆಗೆ ನಾನು ಒಪ್ಪಿಗೆ ಕೊಟ್ಟು ಆಗಲೇ ಒಂದು ತಿಂಗಳಾಗಿದೆ ಎಂದು ನನಗೆ ಗೊತ್ತಾದದ್ದೂ ಅವತ್ತೇ, ಬೆಳಗಿನ ತಿಂಡಿಗೆ ಮುಂಚೆ.

ನಗಬೇಡಿ. ಹೇಳುತ್ತೇನೆ.

ನನ್ನ ಕಿವಿ ಮಂದವಾಗಿ ಐದಾರು ವರ್ಷವಾಯಿತು. ಈ ಅಂಕಣದಲ್ಲಿ ನನ್ನ ಮಂಡಿನೋವು, ಶುಗರ್, ದವಡೆ ಹಲ್ಲು ಕೀಳಿಸಿಕೊಂಡ ಪ್ರಸಂಗ ಎಲ್ಲವನ್ನೂ ನಿಮ್ಮ ತಲೆಗೆ ಕಟ್ಟಿದ್ದೇನೆ. ಕಿವಿಯ ವಿಷಯ ಮಾತ್ರ ಬರೆದಿಲ್ಲ. ಯಾಕೆ? ನಾಚಿಕೆ. ಕನ್ನಡಕ ಹಾಕಿಕೊಂಡವನು ಓದಿದವನ ಹಾಗೆ ಕಾಣುತ್ತಾನೆ. ಕಿವಿಗೆ ಮಷೀನು ಹಾಕಿಕೊಂಡವನು ಮುದುಕನ ಹಾಗೆ ಕಾಣುತ್ತಾನೆ. (ಮುದುಕನೇ ಹೌದು. ಆದರೂ.)

ಶಿಕಾರಿಪುರದಲ್ಲಿ ನಲವತ್ತು ವರ್ಷ ಬೀಜ, ಗೊಬ್ಬರದ ಅಂಗಡಿ ನಡೆಸಿದವನು ನಾನು. ರೈತ ಬಾಗಿಲಿಗೆ ಬಂದಾಗಲೇ ಮುಖ ನೋಡಿ ಏನು ಬೇಕೆಂದು ಹೇಳುತ್ತಿದ್ದೆ. ಆ ವಿದ್ಯೆಯನ್ನೇ ಮನೆಯಲ್ಲೂ ನಡೆಸಿದೆ. ಎದುರಿನವರು ನಕ್ಕರೆ ನಾನೂ ನಗುವುದು. ಸಪ್ಪಗಿದ್ದರೆ ‘ಛೆ’ ಅನ್ನುವುದು. ಉಳಿದದ್ದಕ್ಕೆಲ್ಲ ಗಂಭೀರವಾಗಿ ತಲೆಯಾಡಿಸಿ ಒಂದು ‘ಹೂಂ’. ಹಿರಿಯರು ಹೆಚ್ಚು ಮಾತಾಡದಿದ್ದರೆ ಜನ ಅದನ್ನು ತೂಕ ಅಂದುಕೊಳ್ಳುತ್ತಾರೆ. ನನಗೂ ಹಾಗೇ ಅನುಕೂಲವಾಗಿತ್ತು.

ಈ ಸಲ ಹುಟ್ಟುಹಬ್ಬಕ್ಕೆ ಮಗ ಮಹೇಶ ಕೇಳಲಿಲ್ಲ. ಶಿವಮೊಗ್ಗಕ್ಕೆ ಕರೆದುಕೊಂಡು ಹೋಗಿ ಮೊದಲೇ ಟೆಸ್ಟ್ ಮಾಡಿಸಿದ್ದ. ಸೋಮವಾರ ಬೆಳಿಗ್ಗೆ ಕಡಲೆಬೀಜದಷ್ಟು ದೊಡ್ಡ ಮಷೀನೊಂದನ್ನು ನನ್ನ ಕಿವಿಗೆ ಸಿಕ್ಕಿಸಿ, ‘ಹ್ಯಾಪಿ ಬರ್ತ್‌ಡೇ ಅಪ್ಪಾಜಿ’ ಎಂದು ಸ್ನಾನಕ್ಕೆ ಹೋದ.

ಮೊದಲು ಕೇಳಿಸಿದ್ದು ಫ್ಯಾನು. ನಮ್ಮ ನಡುಮನೆಯ ಫ್ಯಾನು ಇಷ್ಟು ಕಿರಗುಟ್ಟುತ್ತದೆ ಎಂದು ನನಗೆ ಗೊತ್ತೇ ಇರಲಿಲ್ಲ. ಆಮೇಲೆ ಕುಕ್ಕರು. ಆಮೇಲೆ ಬೀದಿಯಲ್ಲಿ ಹೂವಿನವಳ ಕೂಗು. ಹೆಂಡತಿ ಗೌರಮ್ಮ ಎದುರು ನಿಂತು, ‘ಕೇಳ್ತೈತೇನ್ರೀ?’ ಅಂದಳು. ಅವಳ ದನಿ ಸಣ್ಣದಾಗಿತ್ತು. ತುದಿಯಲ್ಲಿ ಸ್ವಲ್ಪ ನಡುಗುತ್ತಿತ್ತು. ಇದು ಯಾವಾಗ ಆಯಿತು? ಒಂದೇ ಮನೆಯಲ್ಲಿದ್ದೂ ನನಗೆ ತಿಳಿಯದೆ ಅವಳ ದನಿಗೆ ವಯಸ್ಸಾಗಿತ್ತು.

ಅಷ್ಟರಲ್ಲಿ ಅಡುಗೆಮನೆಯಿಂದ ಸೊಸೆ ಸುಮಾ ಮತ್ತು ಮೊಮ್ಮಗಳು ಅನುಷಾಳ ಮಾತು ಬಂತು. ನನ್ನಿಂದ ಹತ್ತು ಅಡಿ ದೂರ. ಅವರೇನೂ ದನಿ ತಗ್ಗಿಸಿರಲಿಲ್ಲ. ಐದು ವರ್ಷದಿಂದ ಯಾರು ತಾನೆ ನನ್ನೆದುರು ದನಿ ತಗ್ಗಿಸಿದ್ದರು?

‘ಅಜ್ಜ ಒಬ್ರು ನನ್ ಕಡೆ ಇರ್ತಾರೆ ಅನ್ಕಂಡಿದ್ದೆ ಅಮ್ಮ. ಅವ್ರೇ ಹೂಂ ಅಂದ್ಮೇಲೆ ಇನ್ಯಾರ ಹತ್ರ ಹೇಳ್ಲಿ?’

‘ಆತು ಬಿಡೇ. ಹೂರಣ ರುಬ್ಬು. ಭಾನುವಾರ ಅವ್ರು ದಿನ ನೋಡಾಕೆ ಬರ್ತಾರೆ. ಅವತ್ತಾದ್ರೂ ಮುಖ ನೆಟ್ಟಗಿಟ್ಕ.’

ನಾನು ಗೌರಮ್ಮನನ್ನು ಕೋಣೆಗೆ ಕರೆದು ಬಾಗಿಲು ಮುಂದೆ ಮಾಡಿದೆ. ‘ನಾನು ಯಾವುದಕ್ಕೆ ಹೂಂ ಅಂದೆ?’

ಅವಳು ನನ್ನ ಮುಖವನ್ನೇ ನೋಡಿದಳು. ‘ಹಂಗಾರೆ ಅವತ್ತು ನಿಮಗೆ ಕೇಳ್ಲಿಲ್ಲೇನು?’

ಆ ಸಂಜೆ ನನಗೆ ಚೆನ್ನಾಗಿ ನೆನಪಿದೆ. ಜಗಲಿಯಲ್ಲಿ ಕೂತಿದ್ದೆ. ಅನುಷಾ ಮೆಟ್ಟಿಲ ಮೇಲಿದ್ದಳು. ಮಹೇಶ ಬಂದು ಉದ್ದಕ್ಕೆ ಏನೋ ಹೇಳಿದ, ಕೊನೆಗೆ ಹುಬ್ಬೇರಿಸಿದ. ಮೋಡವಾಗಿತ್ತು. ಮೆಕ್ಕೆಜೋಳದ ಮೇಲೆ ತಾಡಪಾಲು ಹೊದಿಸುವ ಮಾತೆಂದು ತಿಳಿದು, ‘ಹೂಂ, ಒಳ್ಳೇದೇ ಆತಲ್ಲ, ತಡ ಮಾಡ್ಬ್ಯಾಡ್ರಿ’ ಎಂದೆ.

ಮಹೇಶ ಹೇಳಿದ್ದು ಸೊರಬದ ಕಡೆಯ ಹೊಸಬಾಳೆಯ ಸಂಬಂಧದ ಮಾತಂತೆ. ಹುಡುಗನ ಕಡೆಯವರು ಒಪ್ಪಿದ್ದಾರೆ. ಒಂದೇ ಷರತ್ತು, ಹುಡುಗಿ ಸರ್ವೆ ಟ್ರೈನಿಂಗು ಬಿಡಬೇಕು.

ಅನುಷಾ ಸಿವಿಲ್ ಡಿಪ್ಲೊಮಾ ಮುಗಿಸಿದವಳು. ಹೊಲ ಅಳೆಯುವ ಲೈಸೆನ್ಸ್ ಸರ್ವೆಯರ್ ಆಗಬೇಕೆಂದು ಹಟ ಹಿಡಿದು, ಮೈಸೂರಿನಲ್ಲಿ ತರಬೇತಿಗೆ ಸೀಟು ಗಿಟ್ಟಿಸಿಕೊಂಡಿದ್ದಳು. ಈ ಹುಚ್ಚು ಹತ್ತಿದ್ದು ತೊಗರ್ಸಿಯ ನಮ್ಮ ಹೊಲದಲ್ಲಿ. ಪಕ್ಕದವರು ಬದು ಒತ್ತಿದರೆಂದು ಜಗಳವಾಗಿ, ಗಡಿ ಅಳೆದು ಹದ್ದುಬಸ್ತು ಮಾಡಲು ಸರ್ವೆಯವರು ಬಂದಾಗ ಇವಳು ಏಳನೇ ಕ್ಲಾಸು. ಅಳತೆ ಸರಪಳಿಯ ಒಂದು ತುದಿ ಹಿಡಿದು ಇಡೀ ಹೊಲ ಓಡಾಡಿದ್ದಳು. ಕಲ್ಲು ನೆಟ್ಟ ಮೇಲೆ ಎರಡೂ ಕಡೆಯವರು ಬಾಯಿ ಮುಚ್ಚಿದ್ದು ಕಂಡು, ‘ಅಜ್ಜ, ಇಷ್ಟೇನಾ? ಅಳೆದ್ರೆ ಜಗಳ ನಿಲ್ತದಾ?’ ಎಂದಿದ್ದಳು.

ಆ ಹುಡುಗಿಯ ಕೈಯಿಂದ ಸರಪಳಿ ಕಿತ್ತುಕೊಳ್ಳಲು ನಾನು ‘ತಡ ಮಾಡಬೇಡಿ’ ಅಂದಿದ್ದೆ.

ಇನ್ನೊಂದು ವಿಷಯ ನಿಮ್ಮಿಂದ ಮುಚ್ಚಿಡಬಾರದು. ಈ ಅಂಕಣವನ್ನು ನಾನು ಕೈಯಲ್ಲಿ ಬರೆಯುತ್ತೇನೆ. ಟೈಪ್ ಮಾಡಿ ಪತ್ರಿಕೆಗೆ ಕಳಿಸುವವಳು ಅನುಷಾ. ಎರಡು ವಾರದ ಕೆಳಗೆ ಹೆಣ್ಣುಮಕ್ಕಳು ಸ್ವಂತ ಕಾಲ ಮೇಲೆ ನಿಲ್ಲಬೇಕೆಂದು ಉದ್ದುದ್ದ ಬರೆದಿದ್ದೆನಲ್ಲ? ನಿಮ್ಮಲ್ಲಿ ಕೆಲವರು ಫೋನ್ ಮಾಡಿ ಹೊಗಳಿದಿರಲ್ಲ? (ಹೆಂಡತಿಯೇ ಕೇಳಿಸಿಕೊಂಡು ನನಗೆ ಕೂಗಿ ಹೇಳಿದ್ದು.) ಅದನ್ನೂ ಅವಳೇ ಟೈಪ್ ಮಾಡಿದ್ದು. ಒಂದಕ್ಷರ ತಪ್ಪಿಲ್ಲದೆ.

ಅಡುಗೆಮನೆಗೆ ಹೋದೆ. ‘ಅನು, ನೀನಾದ್ರೂ ನನಗೊಂದ್ ಮಾತು ಹೇಳ್ಬಾರದಿತ್ತಾ?’

ಅವಳು ಕೈ ತೊಳೆದುಕೊಂಡಳು. ‘ಹೇಳಿದ್ದೆ ಅಜ್ಜ. ಎರಡು ಸಲ. ಮೊದ್ಲನೇ ಸಲ ನೀವು ನಕ್ಕ್ರಿ. ಎರಡನೇ ಸಲ ತಲೆ ಮೇಲೆ ಕೈಯಿಟ್ಟು, ದೇವರು ಒಳ್ಳೇದ್ ಮಾಡ್ಲಿ ಅಂದ್ರಿ.’

‘ಕೂಗಿ ಹೇಳ್ಬಕಿತ್ತು.’

‘ಕೂಗಿ ಹೇಳೋ ವಿಷ್ಯಾನಾ ಅದು?’

ನಾನು ಅಲ್ಲೇ ಮಣೆ ಎಳೆದುಕೊಂಡು ಕೂತೆ.

‘ಹುಡುಗ ಬ್ಯಾಡ ಅಂತೇನಲ್ಲ ಅಜ್ಜ. ಒಳ್ಳೇರೇ ಇರಬೋದು. ಆದ್ರೆ ಹಿಡಿದ್ ಕೆಲ್ಸ ಬಿಟ್ಟು ಬಾ ಅಂದ್ರೆ ನಾನು ಬರಲ್ಲ.’ ಅವಳ ದನಿ ನಡುಗಲಿಲ್ಲ. ಮತ್ತೆ ಹೂರಣದ ಕಡೆ ತಿರುಗಿದಳು.

ಮಹೇಶ ತಲೆ ಒರೆಸಿಕೊಳ್ಳುತ್ತ ಹೊರಗೆ ಬಂದ. ವಿಷಯ ಹೇಳಿದೆ. ಅವನಿಗೆ ಸಿಟ್ಟು ಬಂತು. ‘ಅಪ್ಪಾಜಿ, ಮಾತು ಕೊಟ್ಟಾಗೈತಿ. ನೀವು ಒಪ್ಪೀರಿ ಅಂತಾನೇ ನಾನು ಹೂಂ ಅಂದಿದ್ದು. ಈಗ ಅವ್ರಿಗೆ ಏನಂತ ಹೇಳ್ಲಿ?’

‘ಅವತ್ತು ನನಗೆ ಕೇಳಿಸ್ಲಿಲ್ಲ ಅಂತ ನಿನಗೆ ಅನುಮಾನ ಬರ್ಲಿಲ್ಲೇನು?’

ಅವನು ಟವೆಲ್ಲು ಮಡಿಸಿದ. ಮತ್ತೆ ಬಿಚ್ಚಿದ. ‘ಬಂದಿತ್ತು.’

‘ಮತ್ಯಾಕೆ ಇನ್ನೊಂದ್ ಸಲ ಕೇಳ್ಲಿಲ್ಲ?’

ನನ್ನ ಮಗ ಕೆಟ್ಟವನಲ್ಲ. ಒಳ್ಳೆಯ ಮನೆ, ನೀರಾವರಿ ಜಮೀನು, ಒಂದೂವರೆ ತಾಸಿನ ದಾರಿ. ಯಾವ ತಂದೆಗೆ ಆಸೆಯಾಗುವುದಿಲ್ಲ? ಮಗಳ ಮುಖ ನೋಡಿ ನಿರ್ಧಾರ ಮಾಡುವುದು ಅವನಿಗೆ ಕಷ್ಟವಿತ್ತು. ಅಪ್ಪನ ಹೆಸರಿನಲ್ಲಿ ಮಾಡುವುದು ಸುಲಭವಿತ್ತು. ಕಿವಿ ಕೇಳದ ಯಜಮಾನ ಮನೆಗೆ ಎಷ್ಟು ಉಪಕಾರಿ ನೋಡಿ. ಆದರೆ ತಪ್ಪು ಅವನೊಬ್ಬನದೇ? ಕೇಳಿಸಲಿಲ್ಲ, ಇನ್ನೊಮ್ಮೆ ಹೇಳು ಎನ್ನಲು ಇಷ್ಟು ವರ್ಷ ನಾಚಿದವನು ಯಾರು?

‘ಮಾತು ನನ್ನ ಹೆಸರಲ್ಲಿ ಹೋಗೈತಿ. ನಾನೇ ಹೋಗಿ ವಾಪಸ್ ತಗಂತೀನಿ.’

‘ಫೋನ್ ಮಾಡ್ರಿ ಸಾಕು.’

‘ಒಪ್ಪಿಗೆ ಫೋನಲ್ಲಿ ಕೊಡಬೋದು. ಬ್ಯಾಡ ಅನ್ನೋದನ್ನ ಎದುರು ಕೂತೇ ಹೇಳ್ಬಕು.’

ತಿಂಡಿ ಮುಗಿಸಿ ನಾನು, ಗೌರಮ್ಮ ಸೊರಬದ ಬಸ್ಸು ಹತ್ತಿದೆವು. ಹೊಸ ಕಿವಿಗೆ ಬಸ್ಸಿನ ಸದ್ದು ಅಂದರೆ ತಲೆಯೊಳಗೆ ಹಿಟ್ಟಿನ ಗಿರಣಿ. ಶಿರಾಳಕೊಪ್ಪದಲ್ಲಿ ಬಸ್ಸು ನಿಂತಾಗ ಗೌರಮ್ಮ ಕಿಟಕಿ ಕಡೆ ನೋಡುತ್ತಲೇ ಹೇಳಿದಳು. ‘ನಿಮ್ಮ ಬದ್ಲಿಗೆ ನಾನೂ ಎಷ್ಟೋ ಸಲ ಹೂಂ ಅಂದೀನಿ ಕಣ್ರಿ. ನಿಮಗೆ ಕೇಳಿಸಲ್ಲ ಅಂತ ಜನಕ್ಕೆ ಗೊತ್ತಾಗ್ಬಾರದು ಅಂತ.’ ಅವಳ ಕೈ ಹಿಡಿದುಕೊಂಡೆ. ಬಸ್ಸಿನಲ್ಲಿ, ಹಾಡುಹಗಲು. ಎಪ್ಪತ್ತೆರಡಕ್ಕೆ ಇಷ್ಟಾದರೂ ಧೈರ್ಯ ಬರಬೇಕಲ್ಲ.

ಸೊರಬದಿಂದ ಹೊಸಬಾಳೆಗೆ ಆಟೋ. ಹುಡುಗನ ತಂದೆ ರುದ್ರಪ್ಪನವರು ಅಂಗಳದಲ್ಲಿ ಶುಂಠಿ ಬೀಜ ಆರಿಸುತ್ತಿದ್ದರು. ನಮ್ಮನ್ನು ಕಂಡು ಸಂಭ್ರಮದಿಂದ ಎದ್ದರು. ‘ಬರ್ರಿ ಬರ್ರಿ, ಎಂತ ಯಜಮಾನ್ರೆ, ಭಾನುವಾರ ನಾವೇ ಬರೋರಿದ್ವಿ.’ ಬೆಲ್ಲ, ನೀರು ಬಂತು. ಮಜ್ಜಿಗೆ ಬಂತು. ಕುಡಿದ ಮೇಲೆ ಹೇಳುವುದು ಇನ್ನೂ ಕಷ್ಟವಾಗುತ್ತದೆಂದು ಲೋಟ ಮುಟ್ಟದೆಯೇ ಹೇಳಿದೆ.

‘ರುದ್ರಪ್ಪನವ್ರೇ, ನಾನು ಕೇಳಿಸ್ಕೊಳ್ದೇ ಒಪ್ಪಿಗೆ ಕೊಟ್ಟೆ. ತಪ್ಪು ನಂದು. ನನ್ನ ಮಗಂದಲ್ಲ, ಹುಡುಗೀದಂತೂ ಅಲ್ಲವೇ ಅಲ್ಲ. ಅವಳು ಟ್ರೈನಿಂಗಿಗೆ ಹೋಗ್ತಾಳೆ, ಆಮೇಲೆ ಆ ಕೆಲಸಾನೇ ಮಾಡ್ತಾಳೆ. ಅದಕ್ಕೆ ನೀವು ಒಪ್ಪೋದಾದ್ರೆ ಭಾನುವಾರ ಬರ್ರಿ. ಇಲ್ದಿದ್ರೆ ಇಲ್ಲಿಗೇ ಬಿಡಾಣ.’

ಅವರ ಮುಖ ಕೆಂಪಾಯಿತು. ‘ನಾಕು ಜನಕ್ಕೆ ಹೇಳಿ ಆಗಿದೆ ಮಾರಾಯ್ರೆ. ಮನೆ ಸೊಸೆ ಬಿಸಿಲಲ್ಲಿ ಊರವರ ಹೊಲ ಅಳೀತಾ ತಿರುಗೋದಾ? ನಮಗಾಗಲ್ಲ.’ ಮತ್ತೆ ಶುಂಠಿಗೆ ಕೈ ಹಾಕುತ್ತ ಅಂದರು. ‘ನಿಮ್ಮಂಗಡಿ ಬೀಜ ಅಂದ್ರೆ ಕಣ್ಣು ಮುಚ್ಚಿ ಬಿತ್ತೋರು ನಾವು. ನಿಮ್ಮ ಮಾತು ಹಿಂಗೆ ಅಂತ ಗೊತ್ತಿರ್ಲಿಲ್ಲ.’

ತಾಗಿತು. ನಲವತ್ತು ವರ್ಷ ಗಳಿಸಿದ್ದು ಅದೊಂದೇ ಹೆಸರು, ಕೊಟ್ಟ ಮಾತಿಗೆ ತಪ್ಪುವವನಲ್ಲ ಎಂದು. ಅದನ್ನು ಅವರ ಅಂಗಳದಲ್ಲಿ ಬಿಟ್ಟು ಎದ್ದೆ. ಕೈ ಮುಗಿದೆ. ಅವರೂ ಮುಗಿದರು, ಮುಖ ನೋಡಲಿಲ್ಲ. ಅವರ ಸಿಟ್ಟು ನ್ಯಾಯವಾದದ್ದೇ. ಅದಕ್ಕೇನೂ ಮಾಡುವ ಹಾಗಿಲ್ಲ. ನನ್ನ ಹೆಸರು ಉಳಿಸಿಕೊಳ್ಳಲು ಇಪ್ಪತ್ತೆರಡರ ಹುಡುಗಿಯ ಬದುಕು ಅಡವಿಡಲು ನಾನು ತಯಾರಿರಲಿಲ್ಲ, ಅಷ್ಟೇ.

ಮನೆಗೆ ಬಂದಾಗ ಮಧ್ಯಾಹ್ನ ಮೂರಾಗಿತ್ತು. ಅನುಷಾ ಗೇಟಿನಲ್ಲೇ ನಿಂತಿದ್ದಳು.

‘ಏನಂದ್ರು ಅಜ್ಜ?’

‘ಆಗಲ್ಲ ಅಂದ್ರು.’

‘ಬಯ್ದ್ರಾ?’

‘ಬಯ್ದ್ರು. ಒಂದಕ್ಷರ ಬಿಡದಂಗೆ ಕೇಳಿಸ್ತು.’

ಅವಳು ನಗಲು ಹೋಗಿ ಅತ್ತುಬಿಟ್ಟಳು.

ಸಂಜೆ ಮಹೇಶ ಅಂಗಡಿಯಿಂದ ಬಂದ. ನನ್ನ ಜೊತೆ ಮಾತಿಲ್ಲ. ಹೋಳಿಗೆಯ ತಟ್ಟೆ ಮುಂದಿಟ್ಟುಕೊಂಡು ಕೂತ. ತುಪ್ಪ ಬಡಿಸಲು ಮಗಳು ಬಗ್ಗಿದಾಗ ತಟ್ಟೆ ನೋಡುತ್ತಲೇ ಕೇಳಿದ. ‘ಮೈಸೂರಿಗೆ ಯಾವತ್ತು ಹೋಗ್ಬಕು?’

‘ಬರೋ ವಾರ ಅಪ್ಪ.’

‘ಒಬ್ಳೇ ಹೋಗ್ತೀಯೋ, ನಾ ಬರ್ಲೋ?’

‘ಬರ್ರಿ.’

ನಾನು ಲೆಕ್ಕ ಹಾಕಿ ನೋಡಿದೆ. ಈ ಇಡೀ ಪ್ರಕರಣದಲ್ಲಿ ಮಹೇಶ ನನ್ನನ್ನು ಕೇಳಿದ್ದ, ಅವನ ತಾಯಿಯನ್ನು ಕೇಳಿದ್ದ, ಹೊಸಬಾಳೆಯವರನ್ನು ಕೇಳಿದ್ದ. ಮಗಳನ್ನು ಅವನು ಕೇಳಿದ ಮೊದಲ ಪ್ರಶ್ನೆಗಳು ಇವು. ನಾನಂತೂ ಅಷ್ಟನ್ನೂ ಕೇಳಿರಲಿಲ್ಲ.

‘ಎಲ್ಲಾ ಹಿರಿಯರನ್ನು ಕೇಳಿಯೇ ಮಾಡಿದ್ದೇವೆ’ ಎಂದು ನಮ್ಮ ಮನೆಗಳಲ್ಲಿ ಹೆಮ್ಮೆಯಿಂದ ಹೇಳುತ್ತೇವೆ. ಸರಿ, ಬದುಕಬೇಕಾದವರನ್ನು ಕೇಳಿದಿರಾ?